ಮೈಸೂರಿನಲ್ಲಿ ಮನೆ ಕಟ್ಟಲು ಲೈಸೆನ್ಸ್: ಕಾಗದ ಹೊಂದಿಸುವುದರಿಂದ ಓಸಿ (ವಾಸಯೋಗ್ಯ ಪ್ರಮಾಣಪತ್ರ) ಕೈಗೆ ಬರುವವರೆಗೆ

ಮನೆ ಕಟ್ಟುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಚದರಕ್ಕೆ ಎಷ್ಟು ರೇಟು ಅಂತ. ಆಮೇಲೆ ಯಾವ ಸಿಮೆಂಟು, ಯಾವ ಕಂಬಿ. ಲೈಸೆನ್ಸ್ ನೆನಪಾಗುವುದು ಪಾಯ ತೋಡುವ ಹಿಂದಿನ ವಾರ. ಆಗಲೂ "ಅದನ್ನ ಎಂಜಿನಿಯರ್ ನೋಡ್ಕೋತಾರೆ" ಅಂತ ಬಿಟ್ಟುಬಿಡುತ್ತಾರೆ. ಎಂಜಿನಿಯರ್ ನಕ್ಷೆ ಬರೆಯುತ್ತಾರೆ, ಅಪ್‌ಲೋಡ್ ಮಾಡುತ್ತಾರೆ, ಸರಿ. ಆದರೆ ಕ್ರಯಪತ್ರದಲ್ಲಿ ಒಂದು ಅಳತೆ, ಖಾತೆಯಲ್ಲಿ ಇನ್ನೊಂದು, ನೆಲದ ಮೇಲೆ ಮತ್ತೊಂದು ಇದ್ದರೆ ಅವರು ತಾನೇ ಏನು ಮಾಡಿಯಾರು? ಹೆಚ್ಚಿನ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅದಕ್ಕೇ ಇಲ್ಲಿ ಅರ್ಜಿ ಹಾಕುವ ವಿಧಾನಕ್ಕಿಂತ ಅದಕ್ಕೆ ಮುಂಚಿನ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸ್ವಂತ ವಾಸಕ್ಕೆ 20×30, 30×40, 40×60 ಅಡಿ ಸೈಟಿನಲ್ಲಿ ಮನೆ ಕಟ್ಟುವವರಿಗಾಗಿ ಇದನ್ನು ಬರೆದಿದ್ದೇನೆ. ಅಪಾರ್ಟ್‌ಮೆಂಟು, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್ ಕಟ್ಟುವವರಿಗೆ ಅಗ್ನಿಶಾಮಕ ಇಲಾಖೆಯಿಂದ ಹಿಡಿದು ಬೇರೆ ಅನುಮತಿಗಳ ಸಾಲೇ ಇದೆ. ಅದು ಬೇರೆ ಕಥೆ.

ಮೊದಲ ಹೆಜ್ಜೆ: ನಿಮ್ಮ ಸೈಟು ಯಾರ ವ್ಯಾಪ್ತಿಗೆ ಸೇರಿದೆ?

ವಿಳಾಸದಲ್ಲಿ "ಮೈಸೂರು" ಎಂದಿದ್ದ ಮಾತ್ರಕ್ಕೆ ಮಹಾನಗರ ಪಾಲಿಕೆಯೇ ಲೈಸೆನ್ಸ್ ಕೊಡುತ್ತದೆ ಎಂದುಕೊಳ್ಳಬೇಡಿ. ಕುವೆಂಪುನಗರ, ಸರಸ್ವತಿಪುರಂ, ಅಗ್ರಹಾರದ ಮನೆಗಳು ಪಾಲಿಕೆಗೆ ಸೇರುತ್ತವೆ. ಪಾಲಿಕೆಗೆ ಒಂಬತ್ತು ವಲಯ ಕಚೇರಿಗಳಿವೆ. ನಿಮ್ಮ ವಾರ್ಡು ಯಾವ ವಲಯಕ್ಕೆ ಬರುತ್ತದೆ ಎಂದು ಕಂದಾಯದ ರಸೀದಿ ನೋಡಿದರೆ ಗೊತ್ತಾಗುತ್ತದೆ. ಊರಿನ ಅಂಚಿಗೆ ಹೋದಂತೆ ಲೆಕ್ಕ ಬದಲಾಗುತ್ತದೆ. ಹೂಟಗಳ್ಳಿಗೆ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಅದರಾಚೆ ಇನ್ನೂ ಗ್ರಾಮ ಪಂಚಾಯಿತಿ. ಒಂದೇ ರಸ್ತೆಯ ಎಡಕ್ಕೆ ಒಂದು ಸಂಸ್ಥೆ, ಬಲಕ್ಕೆ ಇನ್ನೊಂದು ಇರುವುದೂ ಉಂಟು.

ಇದರ ಜೊತೆಗೆ ಅಭಿವೃದ್ಧಿ ಪ್ರಾಧಿಕಾರ. ನಾವೆಲ್ಲ ಮುಡಾ ಎಂದು ಕರೆಯುತ್ತಿದ್ದ, ಜೆಎಲ್‌ಬಿ ರಸ್ತೆಯ ಕಚೇರಿ. ಈಗ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಪ್ರಾಧಿಕಾರ ಮಾಡಿದ ಬಡಾವಣೆ, ಅದು ಅನುಮೋದಿಸಿದ ಖಾಸಗಿ ಬಡಾವಣೆ, ಇವು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿವೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ಅರ್ಜಿ ಎಲ್ಲಿಗೆ ಹೋಗಬೇಕು ಎನ್ನುವುದು ನಿಂತಿದೆ. ಅನುಮಾನವಿದ್ದರೆ ಬಡಾವಣೆಯ ಹೆಸರು, ಸರ್ವೆ ನಂಬರು ಬರೆದುಕೊಂಡು ಹೋಗಿ ಎರಡೂ ಕಡೆ ಕೇಳಿ. ಅರ್ಧ ದಿನದ ಕೆಲಸ, ಅಷ್ಟೇ. ಕೇಳದೆ ಮುಂದುವರಿದರೆ ಫೈಲು ತಪ್ಪು ಮೇಜಿನ ಮೇಲೆ ಮಲಗಿರುತ್ತದೆ.

ಮಂಡ್ಯದವರಿಗೆ ಒಂದು ಮಾತು. ನಿಮ್ಮಲ್ಲಿ ಇರುವುದು ನಗರಸಭೆ. ಅದಕ್ಕೆ ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆ. ಮೈಸೂರು ಪಾಲಿಕೆಯದು 1976ರ ಮಹಾನಗರ ಪಾಲಿಕೆಗಳ ಕಾಯ್ದೆ. ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರವನ್ನೂ ಜನ ಮುಡಾ ಅಂತಲೇ ಕರೆಯುವುದರಿಂದ ಹುಡುಕುವಾಗ, ವಿಚಾರಿಸುವಾಗ ಗೊಂದಲ ಆಗುತ್ತದೆ. ಊರಿನ ಹೆಸರು ಸೇರಿಸಿಯೇ ಕೇಳಿ. ಕಾಯ್ದೆ ಬೇರೆಯಾದರೂ ಕೆಳಗೆ ಹೇಳುವ ಹೆಜ್ಜೆಗಳ ಕ್ರಮ ಹೆಚ್ಚುಕಡಿಮೆ ಒಂದೇ.

ಎರಡನೇ ಹೆಜ್ಜೆ: ಕಾಗದಗಳು ಒಂದಕ್ಕೊಂದು ತಾಳೆ ಆಗಬೇಕು

ಬೇಕಾಗುವ ಕಾಗದಗಳು ಹೀಗಿವೆ:

- ಕ್ರಯಪತ್ರ. ಪ್ರಾಧಿಕಾರದ ಹಂಚಿಕೆ ಸೈಟಾದರೆ ಹಂಚಿಕೆ ಪತ್ರ ಮತ್ತು ಸ್ವಾಧೀನ ಪತ್ರವೂ ಬೇಕು
- ಇ-ಖಾತೆ
- ಈ ಸಾಲಿನವರೆಗಿನ ಕಂದಾಯ ಕಟ್ಟಿದ ರಸೀದಿ
- ಋಣಭಾರ ಪತ್ರ, ಅಂದರೆ ಇಸಿ. ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಿಗುತ್ತದೆ
- ಕೃಷಿ ಜಮೀನಿನಿಂದ ಬಂದ ಸೈಟಾದರೆ ಭೂ ಪರಿವರ್ತನೆ ಆದೇಶ ಮತ್ತು ಬಡಾವಣೆ ಅನುಮೋದನೆಯ ನಕ್ಷೆ
- ಮಾಲೀಕರ ಗುರುತಿನ ಚೀಟಿ, ಸೈಟಿನ ಫೋಟೊ

ಇವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂತುಕೊಳ್ಳಿ. ಮೂರು ಸಂಗತಿ ನೋಡಿ: ಹೆಸರು, ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ).

ಹೆಸರಿನಿಂದ ಶುರು ಮಾಡೋಣ. ಕ್ರಯಪತ್ರದಲ್ಲಿ "ಎಂ.ಕೆ. ನಾಗರಾಜು", ಖಾತೆಯಲ್ಲಿ "ನಾಗರಾಜ್ ಎಂ.", ಆಧಾರ್‌ನಲ್ಲಿ ತಂದೆಯ ಹೆಸರು ಸೇರಿಸಿ ಬೇರೊಂದು ರೂಪ. ನಮ್ಮೂರಿನಲ್ಲಿ ಇದು ಮಾಮೂಲು. ಇಲ್ಲೇ ಸರಿಪಡಿಸಿಕೊಂಡರೆ ಮುಂದೆ ಬ್ಯಾಂಕಿನಲ್ಲೂ ತೊಂದರೆ ಇಲ್ಲ. ಖಾತೆ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ವಿಭಾಗಪತ್ರವನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ನೋಂದಣಿ ಮಾಡಿಸಿಕೊಂಡೇ ಮುಂದಕ್ಕೆ ಹೋಗಿ. "ನಮ್ಮನೇಲಿ ಯಾರೂ ಕೇಳಲ್ಲ" ಎನ್ನುವ ಮಾತು ಪಾಯ ಹಾಕುವ ತನಕ ಮಾತ್ರ. ಎರಡನೇ ಮೋಲ್ಡ್ ಹಾಕುವ ಹೊತ್ತಿಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

ಇನ್ನು ಅಳತೆ. ಟೇಪು ಹಿಡಿದು ಸೈಟನ್ನು ನಾಲ್ಕೂ ಕಡೆ ಅಳೆಯಿರಿ. ಎರಡು ಕರ್ಣಗಳನ್ನೂ ಅಳೆಯಿರಿ. ಕರ್ಣಗಳು ಸಮ ಇಲ್ಲದಿದ್ದರೆ ಸೈಟು ಮೂಲೆಗೆ ಸರಿಯಾಗಿಲ್ಲ ಎಂದರ್ಥ. ಕಾಗದದಲ್ಲಿ 40 ಅಡಿ, ನೆಲದ ಮೇಲೆ 39 ಅಡಿ ಇದ್ದರೆ ಆ ಒಂದಡಿ ಪಕ್ಕದ ಕಾಂಪೌಂಡಿನೊಳಗೋ ಚರಂಡಿಯ ಕೆಳಗೋ ಇರುತ್ತದೆ. ನಕ್ಷೆ ಬರೆಯಬೇಕಾದದ್ದು ಕೈಯಲ್ಲಿರುವ ಜಾಗಕ್ಕೆ. ಕಳೆದುಹೋದ ಅಡಿಯನ್ನು ಲೆಕ್ಕಕ್ಕೆ ಹಿಡಿದು ಬರೆದರೆ ಸ್ಥಳ ಪರಿಶೀಲನೆಗೆ ಬಂದ ಜೆಇ (ಕಚೇರಿಯ ಕಿರಿಯ ಎಂಜಿನಿಯರ್) ಟೇಪು ಹಿಡಿದ ಕೂಡಲೇ ಸಿಕ್ಕಿಬೀಳುತ್ತದೆ.

ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದು ಈಗ ರಸ್ತೆ ಉತ್ತರಕ್ಕಿದ್ದರೆ, ಅದೂ ಈಗಲೇ ಬಗೆಹರಿಯಬೇಕು.

ಇ-ಖಾತೆ ಬಗ್ಗೆ ಇನ್ನೊಂದಿಷ್ಟು. ಕೈಬರಹದ ಹಳೆಯ ಖಾತೆ ಇಟ್ಟುಕೊಂಡು ಕೂತವರು ಮೊದಲು ಇ-ಆಸ್ತಿ ತಂತ್ರಾಂಶಕ್ಕೆ ಸೇರಿಸಿಕೊಳ್ಳಬೇಕು. ಅನುಮೋದನೆ ಇಲ್ಲದ ಬಡಾವಣೆಯ ಸೈಟಿಗೆ ಸಿಗುವುದು ಬಿ ಖಾತೆ. ಬಿ ಖಾತೆ ಅಂದರೆ ಕಂದಾಯ ಕಟ್ಟಿಸಿಕೊಳ್ಳಲು ಮಾಡಿದ ದಾಖಲೆ. ಅದು ಇದ್ದ ಮಾತ್ರಕ್ಕೆ ಸೈಟು ಸಕ್ರಮ ಆಗುವುದಿಲ್ಲ, ನಕ್ಷೆ ಮಂಜೂರಾತಿಯ ಹಕ್ಕೂ ಬರುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ನೋಡಿ. 11ಬಿ ಎಂದಿದ್ದರೆ ಹುಷಾರು, ಅದೂ ಬಿ ಖಾತೆಯ ಹಾಗೇ.

ಮಂಡ್ಯದ ಸುತ್ತ ರೆವಿನ್ಯೂ ಸೈಟುಗಳ ವಿಷಯದಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ನಾಲೆ ನೀರಿನ ಗದ್ದೆಯನ್ನು ತುಂಡು ಮಾಡಿ, ಕಲ್ಲು ನೆಟ್ಟು, ಸೈಟು ಅಂತ ಮಾರಿರುತ್ತಾರೆ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಡಿ ಪರಿವರ್ತನೆ ಆಗಿಲ್ಲ, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇಲ್ಲ. ಇಂಥ ಜಾಗಕ್ಕೆ ಲೈಸೆನ್ಸ್ ಮಾಡಿಸಿಕೊಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಮೂರನೇ ಹೆಜ್ಜೆ: ಜಾಗಕ್ಕೆ ಬೇರೆ ಕಟ್ಟುಪಾಡು ಇದೆಯಾ ನೋಡಿ

ಮೈಸೂರಿನಲ್ಲಿ ಇದನ್ನು ಮರೆಯುವವರು ಬಹಳ. ಮಾಸ್ಟರ್ ಪ್ಲಾನ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಇದೆ ಎಂದು ನೋಡಿ. ಹಳದಿ ಎಂದರೆ ವಸತಿ. ಹಸಿರು ಇದ್ದರೆ ಉದ್ಯಾನವೋ ಕೃಷಿ ವಲಯವೋ ಇರುತ್ತದೆ. ರಸ್ತೆ ಅಗಲೀಕರಣದ ಗೆರೆ ಸೈಟಿನೊಳಗೆ ಹಾದಿದ್ದರೆ ಅಷ್ಟು ಜಾಗ ಬಿಟ್ಟೇ ಕಟ್ಟಬೇಕು.

ಕುಕ್ಕರಹಳ್ಳಿ, ಲಿಂಗಾಂಬುಧಿ, ಹೆಬ್ಬಾಳು ಕೆರೆಗಳ ಪಕ್ಕ, ರಾಜಕಾಲುವೆಗಳ ಪಕ್ಕ, ಪೂರ್ಣಯ್ಯ ನಾಲೆ ಹಾದುಹೋಗುವ ಕಡೆ ಬಫರ್, ಅಂದರೆ ಏನೂ ಕಟ್ಟದ ಜಾಗ, ಬಿಡಬೇಕು. ನಾಲೆ ಈಗ ಕಣ್ಣಿಗೆ ಕಾಣದಿರಬಹುದು. ಗ್ರಾಮ ನಕಾಶೆಯಲ್ಲಿ ಇದ್ದೇ ಇರುತ್ತದೆ. ಮಂಡ್ಯದಲ್ಲಿ ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳ ಅಂಚಿಗೂ ಇದೇ ಮಾತು. ಅಲ್ಲಿ ನೀರಾವರಿ ನಿಗಮವನ್ನೂ ಕೇಳಬೇಕಾಗುತ್ತದೆ. ಚಾಮುಂಡಿ ಬೆಟ್ಟದ ತಪ್ಪಲು, ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ ಎತ್ತರಕ್ಕೆ ಮಿತಿಗಳಿವೆ.

ಅರಮನೆ ಸುತ್ತಮುತ್ತ, ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ ಕಡೆಯ ಹಳೇ ಮನೆಯನ್ನು ಕೆಡವಿ ಕಟ್ಟುವ ಆಲೋಚನೆ ಇದ್ದರೆ, ಆ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಿ. ಇದ್ದರೆ ಪಾರಂಪರಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹೆಂಚನ್ನೂ ಇಳಿಸಬೇಡಿ.

ಸೈಟಿನಲ್ಲಿ ಮರ ಇದೆಯಾ? ನಿಮ್ಮದೇ ಜಾಗ, ನಿಮ್ಮದೇ ಮರ ಆದರೂ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗಬಹುದು. ಸಾಧ್ಯವಾದರೆ ಮರವನ್ನು ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡಬೇಕಾದ) ಜಾಗದಲ್ಲಿ ಉಳಿಯುವಂತೆ ನಕ್ಷೆ ಬರೆಸಿ. ಎಂಜಿನಿಯರ್‌ಗೆ ಮೊದಲೇ ಹೇಳಿದರೆ ಆಗುತ್ತದೆ.

ನಾಲ್ಕನೇ ಹೆಜ್ಜೆ: ನಕ್ಷೆ

ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ ಆದ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮಾತ್ರ ನಕ್ಷೆ ಸಲ್ಲಿಸಬಹುದು. ಅವರ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಕಟ್ಟಡದ ಬಲಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯೂ ಬೇಕಾಗುತ್ತದೆ.

ನಕ್ಷೆಯಲ್ಲಿ ಕಚೇರಿಯವರು ನೋಡುವುದು ಮುಖ್ಯವಾಗಿ ನಾಲ್ಕು: ಸೆಟ್‌ಬ್ಯಾಕ್, ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ), ಎತ್ತರ, ಪಾರ್ಕಿಂಗ್. ಇವುಗಳ ಅಂಕಿ ಸೈಟಿನ ಗಾತ್ರ, ಮುಂದಿನ ರಸ್ತೆಯ ಅಗಲ, ವಲಯ ಇವನ್ನು ನೋಡಿ ಬದಲಾಗುತ್ತವೆ. ನಿಮ್ಮ ಸೈಟಿಗೆ ಅನ್ವಯಿಸುವ ಕೋಷ್ಟಕವನ್ನು ಎಂಜಿನಿಯರ್ ಕೈಯಲ್ಲಿ ತೋರಿಸಿಕೊಳ್ಳಿ. ಲೆಕ್ಕ ಹೇಗೆ ನಡೆಯುತ್ತದೆ ಅಂತ ನಾನು ಒಂದು ಉದಾಹರಣೆ ಕೊಡುತ್ತೇನೆ.

30×40 ಸೈಟು, ಅಂದರೆ 1200 ಚದರ ಅಡಿ. ಮೀಟರಿನಲ್ಲಿ 9.14×12.19. ಉದಾಹರಣೆಗೆ ನಾಲ್ಕೂ ಕಡೆ 1 ಮೀಟರ್ ಬಿಡಬೇಕು ಎಂದಿಟ್ಟುಕೊಳ್ಳಿ. ಉಳಿಯುವುದು 7.14×10.19 ಮೀಟರ್, ಸುಮಾರು 783 ಚದರ ಅಡಿ. ಎಫ್‌ಎಆರ್ 1.75 ಎಂದುಕೊಂಡರೆ ಎಲ್ಲ ಅಂತಸ್ತು ಸೇರಿ 2100 ಚದರ ಅಡಿ ಕಟ್ಟಬಹುದು. ಮೇಸ್ತ್ರಿ ಭಾಷೆಯಲ್ಲಿ 21 ಚದರ. 783ರಂತೆ ಎರಡು ಅಂತಸ್ತು 1566. ಮೂರು ಪೂರ್ತಿ ಅಂತಸ್ತು ಹಾಕಿದರೆ 2349, ಮಿತಿ ದಾಟಿತು. ಹಾಗಾದರೆ ಮೂರನೆಯದು ಸಣ್ಣದಾಗಬೇಕು. "ಮೇಲೆ ಬಾಡಿಗೆಗೆ ಎರಡು ಮನೆ" ಎಂಬ ಆಸೆಯನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ.

ಮೆಟ್ಟಿಲು ಎಲ್ಲಿ ಬರುತ್ತದೆ ಎಂಬುದೇ ಹೆಚ್ಚು ಜಗಳದ ವಿಷಯ. ಹೊರಗಿನ ಮೆಟ್ಟಿಲನ್ನು ಸೆಟ್‌ಬ್ಯಾಕಿನೊಳಗೆ ಇಳಿಸಿಬಿಡುತ್ತಾರೆ. ವಾಸ್ತು ನೋಡುವವರು ನೈಋತ್ಯದಲ್ಲೇ ಮೆಟ್ಟಿಲು ಬೇಕು ಎನ್ನುತ್ತಾರೆ, ಅಲ್ಲಿ ಜಾಗ ಇರುವುದಿಲ್ಲ. ವಾಸ್ತು ಕೇಳಬೇಕೆಂದಿದ್ದರೆ ನಕ್ಷೆ ಅಂತಿಮ ಆಗುವ ಮುಂಚೆಯೇ ಕೇಳಿ ಮುಗಿಸಿ. ಮಂಜೂರಾದ ಮೇಲೆ ಅಡುಗೆ ಮನೆ ಆಗ್ನೇಯಕ್ಕೆ ಓಡಿದರೆ ನಕ್ಷೆಯೂ ಅದರ ಹಿಂದೆ ಓಡಬೇಕಾಗುತ್ತದೆ. ಬಾಲ್ಕನಿ, ಸಜ್ಜ ಎಷ್ಟು ಮುಂದಕ್ಕೆ ಚಾಚಬಹುದು ಎಂಬುದಕ್ಕೂ ಮಿತಿ ಇದೆ. ಮೂಲೆ ಸೈಟಿಗೆ ಎರಡೂ ರಸ್ತೆ ಕಡೆ ಲೆಕ್ಕ ಹಾಕಬೇಕು.

ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾದಂಥ ಹಳೇ ಭಾಗಗಳಲ್ಲಿ ಗೋಡೆಗೆ ಗೋಡೆ ಅಂಟಿರುತ್ತದೆ. ಅಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ "ಮೊದಲು ಹೀಗೇ ಇತ್ತಲ್ಲ" ಎಂಬ ವಾದ ನಡೆಯುವುದಿಲ್ಲ. ಹೊಸ ಕಟ್ಟಡಕ್ಕೆ ಈಗಿನ ನಿಯಮವೇ. ಕೆಡವುವುದಕ್ಕೂ ಅನುಮತಿ ತೆಗೆದುಕೊಳ್ಳಿ, ಪಕ್ಕದ ಮನೆಯ ಗೋಡೆಯ ಫೋಟೊ ಮೊದಲೇ ತೆಗೆದಿಡಿ.

ಮಳೆನೀರು ಕೊಯ್ಲಿನ ಗುಂಡಿ, ಸಂಪು, ಸೋಲಾರ್ ವಾಟರ್ ಹೀಟರ್ ಜಾಗ ನಕ್ಷೆಯಲ್ಲೇ ಗುರುತಾಗಲಿ.

ಐದನೇ ಹೆಜ್ಜೆ: ಅರ್ಜಿ, ಪರಿಶೀಲನೆ, ಶುಲ್ಕ

ಈಗ ಅರ್ಜಿ ಆನ್‌ಲೈನ್. ಪೌರಾಡಳಿತ ಇಲಾಖೆಯ ನಕ್ಷೆ ಅನುಮೋದನೆ ವ್ಯವಸ್ಥೆಯಲ್ಲಿ ಎಂಜಿನಿಯರ್ ತಮ್ಮ ಲಾಗಿನ್ನಿನಿಂದ ಕಾಗದ ಮತ್ತು ಆಟೋಕ್ಯಾಡ್ ನಕ್ಷೆ ಹಾಕುತ್ತಾರೆ. ತಂತ್ರಾಂಶವೇ ಸೆಟ್‌ಬ್ಯಾಕ್, ಎಫ್‌ಎಆರ್ ಅಳೆದು ತಪ್ಪಿದ್ದರೆ ವಾಪಸ್ ಕಳಿಸುತ್ತದೆ. ಮೊಬೈಲ್ ನಂಬರ್ ಕೇಳಿದ ಕಡೆ ನಿಮ್ಮದನ್ನೇ ಕೊಡಿಸಿ. ಎಂಜಿನಿಯರದ್ದನ್ನೋ ಅವರ ಹುಡುಗನದ್ದನ್ನೋ ಕೊಟ್ಟರೆ ಆಕ್ಷೇಪಣೆ ಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಅರ್ಜಿ ಸಂಖ್ಯೆ, ಸಕಾಲ ಸಂಖ್ಯೆ ಬರೆದಿಟ್ಟುಕೊಳ್ಳಿ. ಸರ್ಕಾರಿ ಸೇವೆಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆಯಲ್ಲಿ ತಡಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಇದೆ. ದುಡ್ಡು ದೊಡ್ಡದಲ್ಲ. ಆದರೆ ಆ ಸಂಖ್ಯೆ ಹಿಡಿದು ಕೇಳಿದಾಗ ಸಿಗುವ ಉತ್ತರವೇ ಬೇರೆ.

ಆಮೇಲೆ ಸ್ಥಳ ಪರಿಶೀಲನೆ. ಆ ದಿನ ನೀವೂ ಅಲ್ಲಿರಿ. ಗಿಡಗಂಟಿ ತೆಗೆಸಿ, ನಾಲ್ಕು ಮೂಲೆಯ ಕಲ್ಲು ಕಾಣುವಂತೆ ಮಾಡಿಡಿ. ಪರಿಶೀಲನೆಗೆ ಮುಂಚೆ ಪಾಯ ತೋಡಿದ್ದರೆ ಅದೇ ಮೊದಲ ಆಕ್ಷೇಪಣೆ.

ಆಕ್ಷೇಪಣೆ ಬಂದರೆ ಬರಹದಲ್ಲೇ ಉತ್ತರ ಕೊಡಿ. ಬಾಯಿಮಾತಿನಲ್ಲಿ "ಸರಿ ಮಾಡ್ಕೊಡ್ತೀವಿ ಸಾರ್" ಅಂದದ್ದು ಫೈಲಿಗೆ ಏರುವುದಿಲ್ಲ.

ಒಪ್ಪಿಗೆ ಆದರೆ ಶುಲ್ಕದ ಚಲನ್ ಬರುತ್ತದೆ. ಲೈಸೆನ್ಸ್ ಶುಲ್ಕ, ಪರಿಶೀಲನಾ ಶುಲ್ಕ, ಅಭಿವೃದ್ಧಿ ಶುಲ್ಕ, ರಸ್ತೆ ಬದಿ ಸಾಮಾನು ಹಾಕುವುದಕ್ಕೆ ನೆಲಬಾಡಿಗೆ ಹೀಗೆ ಹಲವು ಬಾಬತ್ತು. ಜೊತೆಗೆ ಕಾರ್ಮಿಕರ ಸೆಸ್. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕೇಂದ್ರ ಕಾಯ್ದೆಯ ಪ್ರಕಾರ ಇದು ನಿರ್ಮಾಣ ವೆಚ್ಚದ ಶೇ 1 ಇತ್ತು. ಆಗ ಸ್ವಂತ ವಾಸದ ಮನೆಯ ವೆಚ್ಚ 10 ಲಕ್ಷದೊಳಗಿದ್ದರೆ ಸೆಸ್ ಇರಲಿಲ್ಲ. 30 ಲಕ್ಷ ಎಂದು ಲೆಕ್ಕವಾದರೆ 30,000 ರೂಪಾಯಿ ಆಗುತ್ತಿತ್ತು. ಈಗಿನ ಮಿತಿ ಏನೆಂದು ಕಚೇರಿಯಲ್ಲಿ ಕೇಳಿಕೊಳ್ಳಿ. ಇದನ್ನು ಬಜೆಟ್ಟಿನಲ್ಲಿ ಸೇರಿಸದೆ ಕೂತವರು ಬಹಳ ಜನ.

ಚಲನ್ನಿನಲ್ಲಿ ಇರುವಷ್ಟನ್ನೇ, ಚಲನ್ ಮೂಲಕವೇ ಕಟ್ಟಿ. "ಮೇಲ್ಖರ್ಚು" ಎಂಬ ಹೆಸರಿನಲ್ಲಿ ಕೇಳುವ ದುಡ್ಡಿಗೆ ರಸೀದಿ ಕೇಳಿ ನೋಡಿ, ಮಾತು ಬದಲಾಗುತ್ತದೆ. ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರ ಕಚೇರಿ ಮೈಸೂರಿನಲ್ಲೇ ಇದೆ.

ಇನ್ನೊಂದು ಉಪಾಯ. ಆಷಾಢದಲ್ಲಿ ನಮ್ಮ ಕಡೆ ಗುದ್ದಲಿ ಪೂಜೆ ಮಾಡುವವರು ಕಡಿಮೆ. ಆ ತಿಂಗಳನ್ನು ಸುಮ್ನೆ ಕಳೆಯದೆ ಅರ್ಜಿಗೆ ಬಳಸಿಕೊಳ್ಳಿ. ಶ್ರಾವಣದ ಮುಹೂರ್ತ ಇಟ್ಟುಕೊಂಡು ಶ್ರಾವಣದಲ್ಲೇ ಅರ್ಜಿ ಹಾಕುವವರೇ ಲೈಸೆನ್ಸ್ ಇಲ್ಲದೆ ಪಾಯ ತೋಡುವುದು.

ಆರನೇ ಹೆಜ್ಜೆ: ಕಟ್ಟುವಾಗ

ಲೈಸೆನ್ಸ್ ಕೈಗೆ ಬಂದ ಮೇಲೆ ಮೊದಲು ಅದರ ಹಿಂಬದಿಯ ಷರತ್ತುಗಳನ್ನು ಓದಿ. ಅವಧಿ ಎಷ್ಟೆಂದು ನೋಡಿ, ಸಾಮಾನ್ಯವಾಗಿ ಎರಡು ವರ್ಷ ಇರುತ್ತದೆ. ದುಡ್ಡು ಸಾಲದೆ ಕೆಲಸ ನಿಂತರೆ ಅವಧಿ ಮುಗಿಯುವ ಮುಂಚೆ ನವೀಕರಣಕ್ಕೆ ಹಾಕಿ. ಮಂಜೂರಾದ ನಕ್ಷೆಯ ಒಂದು ಪ್ರತಿ ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇರಲಿ. ಚೆಸ್ಕಾಂನಿಂದ ಕೆಲಸಕ್ಕೆ ತಾತ್ಕಾಲಿಕ ಕರೆಂಟು ತೆಗೆದುಕೊಳ್ಳಲೂ ಈ ಲೈಸೆನ್ಸೇ ಬೇಕು. ನೀರು, ಒಳಚರಂಡಿಗೆ (ಯುಜಿಡಿ) ರಸ್ತೆ ಅಗೆಯುವುದಿದ್ದರೆ ಅದಕ್ಕೆ ಬೇರೆ ಅನುಮತಿ. ನೀರಿನ ಸಂಪರ್ಕಕ್ಕೆ ಮೈಸೂರಿನಲ್ಲಿ ವಾಣಿ ವಿಲಾಸ ನೀರು ಸರಬರಾಜು ಕಚೇರಿಗೆ ಹೋಗಬೇಕು.

ಪಾಯದ ಗುರುತು ಹಾಕುವ ದಿನ ತುಂಬ ಮುಖ್ಯ. ಸುಣ್ಣದ ಗೆರೆ ಎಳೆಯುವಾಗ ನಕ್ಷೆ ಕೈಯಲ್ಲಿ ಹಿಡಿದು ಎಂಜಿನಿಯರ್ ಅಲ್ಲಿ ನಿಂತಿರಬೇಕು. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಎಲ್ಡಡಿ ಮುಂದುಕ್ ತಗಳಿ ಸಾ, ಹಾಲ್ ದೊಡ್ದಾಯ್ತದೆ. ಏನೂ ಆಗಲ್ಲ ಬುಡಿ." ಹೇಳುವವರು ಪಕ್ಕದ ಮನೆಯವರೋ ಮೇಸ್ತ್ರಿಯೋ ಆಗಿರಬಹುದು. ಆಮೇಲೆ ನೋಟಿಸು ಬರುವುದು ಮಾತ್ರ ನಿಮ್ಮ ಹೆಸರಿಗೆ. ಪಾಲಿಕೆ ಕಾಯ್ದೆಯ 321ನೇ ಸೆಕ್ಷನ್ನಿನಡಿ ನಕ್ಷೆ ಮೀರಿ ಕಟ್ಟಿದ ಭಾಗವನ್ನು ಕೆಡವುವ ಆದೇಶ ಮಾಡಬಹುದು. ಮೊದಲು ತಾತ್ಕಾಲಿಕ ಆದೇಶ ಬರುತ್ತದೆ, ಉತ್ತರಕ್ಕೆ ಸಮಯ ಕೊಡುತ್ತಾರೆ. ಆ ಸಮಯದೊಳಗೆ ಉತ್ತರ ಕೊಡದೆ ಕೂತರೆ ಕಷ್ಟ. "ಅಕ್ರಮ-ಸಕ್ರಮ ಬರ್ತದೆ" ಎಂದು ಕಾಯುವವರಿಗೆ ನೆನಪಿರಲಿ: ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು.

ನಿಜವಾಗಿಯೂ ಬದಲಾವಣೆ ಬೇಕಾದರೆ ಪರಿಷ್ಕೃತ ನಕ್ಷೆ ಸಲ್ಲಿಸಿ ಮಂಜೂರು ಮಾಡಿಸಿ, ಆಮೇಲೆ ಗೋಡೆ ಎತ್ತಿ. ಒಳಗಿನ ಒಂದು ಗೋಡೆ ಆಚೀಚೆ ಆದರೆ ಅಷ್ಟು ತೊಂದರೆ ಇಲ್ಲ. ಸೆಟ್‌ಬ್ಯಾಕ್, ಅಂತಸ್ತು, ಪಾರ್ಕಿಂಗ್ ಈ ಮೂರನ್ನು ಮುಟ್ಟಬೇಡಿ. ಪಾರ್ಕಿಂಗ್ ಎಂದು ತೋರಿಸಿದ ಜಾಗಕ್ಕೆ ಷಟರ್ ಹಾಕಿ ಅಂಗಡಿ ಮಾಡುವುದು ನಮ್ಮೂರಲ್ಲಿ ದಿನವೂ ಕಾಣುವ ದೃಶ್ಯ. ಓಸಿ ತಪ್ಪುವುದಕ್ಕೆ ಅದೂ ಒಂದು ದಾರಿ.

ಏಳನೇ ಹೆಜ್ಜೆ: ಓಸಿ

ಕೆಲವು ವರ್ಷಗಳ ಹಿಂದೆ ಓಸಿ ಅಂದರೆ ಅಪಾರ್ಟ್‌ಮೆಂಟಿನವರ ತಲೆನೋವು ಎಂದುಕೊಂಡಿದ್ದೆವು. ಗೃಹಪ್ರವೇಶ ಮಾಡಿ, ಹಾಲು ಉಕ್ಕಿಸಿ, ಒಳಗೆ ಹೋಗಿಬಿಡುತ್ತಿದ್ದೆವು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಅದು ಬದಲಾಯಿತು. ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು, ಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಬೇಕು ಎಂದು ಕೋರ್ಟ್ ಹೇಳಿತು. 2025ರಲ್ಲಿ ರಾಜ್ಯದ ಉದ್ದಕ್ಕೂ ಹೊಸ ಮನೆಗಳು ಮೀಟರಿಗಾಗಿ ಕಾದು ಕೂತದ್ದು ಇದರಿಂದಲೇ. ಆಮೇಲೆ ಚಿಕ್ಕ ಸೈಟಿನ ವಾಸದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ನಿಮ್ಮ ಮನೆ ಆ ಗಾತ್ರದೊಳಗೆ ಬರುತ್ತದೆಯೇ ಎಂದು ಚೆಸ್ಕಾಂ ಉಪವಿಭಾಗದಲ್ಲಿ ಆದೇಶದ ಪ್ರತಿ ಕೇಳಿ ನೋಡಿಕೊಳ್ಳಿ. ವಿನಾಯಿತಿ ಇದ್ದರೂ ಓಸಿ ಮಾಡಿಸಿಕೊಳ್ಳುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನಾಳೆ ಮಾರುವಾಗ, ಮಗಳ ಓದಿಗೆ ಮನೆ ಅಡವಿಟ್ಟು ಸಾಲ ಎತ್ತುವಾಗ ಕೇಳಿಯೇ ಕೇಳುತ್ತಾರೆ.

ಕೆಲಸ ಮುಗಿದ ಕೂಡಲೇ ಎಂಜಿನಿಯರ್ ಅವರಿಂದ ಪೂರ್ಣಗೊಂಡ ವರದಿ ಬರೆಸಿ, ಅರ್ಜಿ ಹಾಕಿ. ಪಾಲಿಕೆ ಕಾಯ್ದೆಯಲ್ಲಿ ಇದು 310ನೇ ಸೆಕ್ಷನ್. ಮತ್ತೆ ಸ್ಥಳ ಪರಿಶೀಲನೆ ಇದೆ. ಬಂದವರು ಸೆಟ್‌ಬ್ಯಾಕ್ ಅಳೆಯುತ್ತಾರೆ, ಮಳೆನೀರಿನ ಪೈಪು ಎಲ್ಲಿ ಇಳಿದಿದೆ ನೋಡುತ್ತಾರೆ, ಪಾರ್ಕಿಂಗ್ ಜಾಗ ಖಾಲಿ ಇದೆಯಾ ನೋಡುತ್ತಾರೆ. ರಸ್ತೆಯಲ್ಲಿ ಜಲ್ಲಿ, ಮರಳು, ಒಡೆದ ಇಟ್ಟಿಗೆ ಉಳಿದಿರಬಾರದು. ಪ್ರಾಧಿಕಾರದ ಹಂಚಿಕೆ ಸೈಟಿನವರು ಅಲ್ಲಿನ ಕಟ್ಟಡ ಪೂರ್ಣಗೊಂಡ ವರದಿಯನ್ನೂ, ಜನ ಸಿಆರ್ ಎನ್ನುವುದನ್ನು, ಮಾಡಿಸಿಕೊಳ್ಳಬೇಕು.

ಓಸಿ ಬಂದ ಮೇಲೆ ಖಾತೆಯಲ್ಲಿ ಖಾಲಿ ನಿವೇಶನ ಎಂದಿರುವುದನ್ನು ಕಟ್ಟಡ ಸಹಿತ ಎಂದು ಬದಲಾಯಿಸಿ, ಹೊಸ ಅಳತೆಗೆ ಕಂದಾಯ ಕಟ್ಟಿ. ಏಪ್ರಿಲ್ ತಿಂಗಳೊಳಗೆ ಪೂರ್ತಿ ವರ್ಷದ್ದು ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಎಲ್ಲ ಕಾಗದಗಳ ಸ್ಕ್ಯಾನ್ ಪ್ರತಿಯನ್ನು ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟಿರಿ.